ತುಕ್ಕು ಹಿಡಿದ ಹಳೆಯ ಬೀಗವನ್ನು ಸೆಪಿಯಾ ಬಣ್ಣದಲ್ಲಿ, ಹಿನ್ನೆಲೆ ಮಸುಕಾಗಿ ಕಾಣುವಂತೆ ಫೋಟೋ ತೆಗೆಯುವುದು ಹೇಗೆ?

50 ಎಂಎಂ ಲೆನ್ಸ್ ಸಾಕು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/2.8ರ ಆಸುಪಾಸು ಇರಲಿ (ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಮಸುಕು ಜಾಸ್ತಿ). ತೀರಾ ಹತ್ತಿರದಿಂದ ಎಫ್/1.8ರಲ್ಲಿ ತೆಗೆದರೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಆಳ ಮಾತ್ರ ಸ್ಪಷ್ಟವಾಗಿರುತ್ತದೆ, ಬೀಗದ ಅರ್ಧ ಭಾಗವೇ ಮಸುಕಾಗುತ್ತದೆ. ಫೋಕಸ್ ಕೀಲಿ ಹಾಕುವ ತೂತಿನ ಮೇಲಿಡಿ.

ಎಲ್ಲಕ್ಕಿಂತ ಮುಖ್ಯ ಬೆಳಕು. ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ. ಆಗಲೇ ತುಕ್ಕಿನ ಉಬ್ಬು, ಗೀರು, ಸವೆದ ಅಂಚು ಎದ್ದು ಕಾಣುತ್ತವೆ. ಫ್ಲ್ಯಾಶ್ ಬೇಡವೇ ಬೇಡ. ಬೀಗವನ್ನು ಒರೆಸಲೂಬೇಡಿ, ಆ ಧೂಳೇ ಚಂದ ಅಲ್ವಾ!

ಬಣ್ಣದಲ್ಲೇ ತೆಗೆದು, ಆಮೇಲೆ ಕಪ್ಪು-ಬಿಳುಪು ಮಾಡಿ, ಕೊನೆಗೆ ಕಂದು ಛಾಯೆ ಕೊಡಿ. ಹಿಂದೆ ಡಾರ್ಕ್‌ರೂಮಿನಲ್ಲಿ (ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ) ಪ್ರಿಂಟಿನ ಬೆಳ್ಳಿಯನ್ನು ಸಿಲ್ವರ್ ಸಲ್ಫೈಡ್ ಆಗಿಸಿ ಈ ಬಣ್ಣ ಬರಿಸುತ್ತಿದ್ದರು. ತಿಳಿ ಭಾಗಗಳೇ ಮೊದಲು ಕಂದಾಗುತ್ತಿದ್ದವು. ಅದಕ್ಕೇ ಹೈಲೈಟ್‌ಗಳಿಗೆ ಕಂದು ಜಾಸ್ತಿ, ಕಡುನೆರಳಿಗೆ ಕಡಿಮೆ ಹಾಕಿ.