ಬೈಂಡ್ ಕಿತ್ತು ಓದಿ

ಓದುಗರ ಪತ್ರ: ಮಗಳಿಗೆ ರಾತ್ರಿ ಓದಿ ಹೇಳಲೆಂದು ‘ಹ್ಯಾರಿ ಪಾಟರ್’ ಶುರು ಮಾಡಿದೆ. ಅವಳಿಗೆ ನಿದ್ದೆ ಬಂದ ಮೇಲೂ ನಾನು ಓದುತ್ತಲೇ ಇರುತ್ತಿದ್ದೆ. ಈಗ ನಾಲ್ಕನೇ ಪುಸ್ತಕದಲ್ಲಿದ್ದೇನೆ. ಆಫೀಸಿನಲ್ಲಿ ಒಬ್ಬರು ನೋಡಿ, ‘ಈ ವಯಸ್ಸಲ್ಲಿ ಇದಾ?’ ಎಂದು ನಕ್ಕರು. ಅಂದಿನಿಂದ ಪುಸ್ತಕಕ್ಕೆ ಪೇಪರ್ ಬೈಂಡ್ ಹಾಕಿಕೊಂಡು ಓದುತ್ತಿದ್ದೇನೆ. ದೊಡ್ಡವರು ಇಂಥದ್ದನ್ನು ಓದಿ ಖುಷಿಪಡುವುದು ತಪ್ಪೇ?

ಸಂಪಾದಕರ ಉತ್ತರ: ಖಂಡಿತ ತಪ್ಪಲ್ಲ. ಆದರೆ ಬೈಂಡ್ ಹಾಕಿದ್ದೀರಲ್ಲ, ಅದಕ್ಕೆ ನಿಮ್ಮನ್ನು ಸ್ವಲ್ಪ ಬೈಯಲೇಬೇಕು.

ನಿಮಗಿಂತ ಮೊದಲು ಪ್ರಕಾಶಕರೇ ಆ ಕೆಲಸ ಮಾಡಿದ್ದಾರೆ. ಸರಣಿಯ ಮೊದಲ ಪುಸ್ತಕ ಬಂದಿದ್ದು 1997ರಲ್ಲಿ. ಮರುವರ್ಷವೇ ಬ್ರಿಟನ್ನಿನಲ್ಲಿ ದೊಡ್ಡವರಿಗೆಂದು ಬೇರೆ ಮುಖಪುಟದ ಪ್ರತಿ ತಂದರು. ಬಣ್ಣದ ಚಿತ್ರ ಹೋಗಿ ಕಪ್ಪು ಬಿಳುಪಿನ ರೈಲಿನ ಫೋಟೊ ಬಂತು. ಒಳಗಿದ್ದದ್ದು ಅದೇ ಕಥೆ. 2000ದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮಕ್ಕಳ ಪುಸ್ತಕಗಳಿಗೆ ಬೇರೆಯೇ ಪಟ್ಟಿ ಮಾಡಿತು. ಯಾಕೆಂದರೆ ಹೆಚ್ಚು ಮಾರಾಟವಾಗುವ ಕಾದಂಬರಿಗಳ ಪಟ್ಟಿಯಲ್ಲಿ ಈ ಪುಸ್ತಕಗಳು ಮೇಲೆ ಕೂತು ಏಳುತ್ತಲೇ ಇರಲಿಲ್ಲ. ದೊಡ್ಡವರು ಓದುತ್ತಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ಮುಜುಗರ.

ನಿಮ್ಮನ್ನು ನೋಡಿ ನಕ್ಕವರ ಪರವಾಗಿ ದೊಡ್ಡ ಹೆಸರುಗಳೇ ಇವೆ. ವಿಮರ್ಶಕ ಹೆರಾಲ್ಡ್ ಬ್ಲೂಮ್ 2000ದಲ್ಲಿ, ಕಾದಂಬರಿಗಾರ್ತಿ ಎ.ಎಸ್. ಬಯಟ್ 2003ರಲ್ಲಿ ಈ ಪುಸ್ತಕಗಳನ್ನು ಕಟುವಾಗಿ ಟೀಕಿಸಿದರು. ಭಾಷೆ ಸವಕಲು ಅನ್ನುವ ಬ್ಲೂಮ್ ಅವರ ದೂರನ್ನು ತಳ್ಳಿಹಾಕಲಾರೆ. ವರ್ಷಗಟ್ಟಲೆ ಇದೊಂದನ್ನೇ ಓದುತ್ತಾ ಕೂತರೆ ಓದು ಬೆಳೆಯುವುದಿಲ್ಲ, ಅದೂ ನಿಜ. ಆದರೆ ನೀವು ಹಾಗೆ ಮಾಡುತ್ತಿಲ್ಲವಲ್ಲ.

ಅಷ್ಟಕ್ಕೂ ಇಂಥ ಮಾಯಾಲೋಕದ ಕಥೆ ಮಕ್ಕಳಿಗಷ್ಟೇ ಎಂದು ಹೇಳಿದವರು ಯಾರು? ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ತಮ್ಮ ಜನಪದ ಕಥೆಗಳ ಸಂಗ್ರಹವನ್ನು ಹೊರತಂದಾಗ ಅದರಲ್ಲಿ ವಿದ್ವಾಂಸರಿಗೆ ಬೇಕಾದ ಟಿಪ್ಪಣಿಗಳಿದ್ದವು. ಮಕ್ಕಳಿಗೆ ಇದು ಸರಿಹೋಗುವುದಿಲ್ಲ ಎಂಬ ಆಕ್ಷೇಪ ಬಂದ ಮೇಲೆ ಕಥೆಗಳನ್ನು ತಿದ್ದುತ್ತಾ ಹೋದರು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ 1939ರ ಒಂದು ಉಪನ್ಯಾಸದಲ್ಲಿ ಇದನ್ನು ಚೆನ್ನಾಗಿ ಹೇಳಿದ್ದಾರೆ. ಹಳೆಯ ಮೇಜು ಕುರ್ಚಿ ದೊಡ್ಡವರಿಗೆ ಬೇಡವಾದಾಗ ಮಕ್ಕಳ ಕೋಣೆಗೆ ಹೋಗುತ್ತದೆ. ಇಂಥ ಕಥೆಗಳೂ ಹಾಗೇ ಹೋದವು ಅನ್ನುತ್ತಾರೆ ಅವರು. ಮಕ್ಕಳು ಕೇಳಿ ಪಡೆದದ್ದಲ್ಲ, ದೊಡ್ಡವರು ಬೇಡವೆಂದು ಬಿಟ್ಟದ್ದು.

ನೀವು ಓದಿದ ಮೊದಲ ಪುಸ್ತಕದ ಆ ಕನ್ನಡಿಯನ್ನೇ ನೆನಪಿಸಿಕೊಳ್ಳಿ. ಅದರಲ್ಲಿ ಕಾಣುವುದು ನೋಡುವವರ ಮುಖವಲ್ಲ, ಅವರ ಮನಸ್ಸಿನ ಆಳದ ಆಸೆ. ತಬ್ಬಲಿ ಹುಡುಗ ಹ್ಯಾರಿಗೆ ತಂದೆ ತಾಯಿ ಕಾಣುತ್ತಾರೆ. ಅವನು ಪ್ರತಿ ರಾತ್ರಿ ಅದರ ಮುಂದೆ ಹೋಗಿ ಕೂರುತ್ತಾನೆ. ಇದರ ಮುಂದೆ ಕೂತು ಎಷ್ಟೋ ಜನ ಬದುಕು ಹಾಳುಮಾಡಿಕೊಂಡಿದ್ದಾರೆ ಎಂದು ಅವನ ಶಾಲೆಯ ಮುದುಕ ಮೇಷ್ಟ್ರು ಎಚ್ಚರಿಸುತ್ತಾರೆ. ನಿಮ್ಮ ಮಗಳಿಗೆ ಅದೊಂದು ಮಾಯದ ಕನ್ನಡಿ, ಅಷ್ಟೇ ಸಾಕು. ನನ್ನ ತಂದೆ ತೀರಿಕೊಂಡ ಮೇಲೆ ಆ ಪುಟಗಳನ್ನು ಮತ್ತೆ ಓದಿದೆ. ಆ ಹುಡುಗ ಯಾಕೆ ಎದ್ದು ಬರಲಾರ ಎಂದು ಯಾರೂ ವಿವರಿಸಬೇಕಾಗಲಿಲ್ಲ. ಎಷ್ಟೋ ಗಂಭೀರ ಕಾದಂಬರಿಗಳು ಇದನ್ನೇ ಹೇಳಲು ನೂರಾರು ಪುಟ ತೆಗೆದುಕೊಳ್ಳುತ್ತವೆ, ಆಮೇಲೂ ಎದೆಗೆ ತಾಕುವುದಿಲ್ಲ.

ನನ್ನ ಸಿಟ್ಟು ನಿಮ್ಮ ಸಹೋದ್ಯೋಗಿಯ ಮೇಲಲ್ಲ. ನಾನು ಪತ್ರಿಕೆಗೆ ಹೊಸದಾಗಿ ಸೇರಿದಾಗ ವಿಮರ್ಶೆಗೆ ಬಂದ ಮಕ್ಕಳ ಪುಸ್ತಕಗಳನ್ನು ನನ್ನ ಮೇಜಿಗೆ ತಳ್ಳುತ್ತಿದ್ದರು. ‘ಮಕ್ಕಳದ್ದಲ್ವಾ, ನಾಲ್ಕು ಸಾಲು ಸಾಕು’ ಅನ್ನುತ್ತಿದ್ದರು. ಆ ಧೋರಣೆ ಇನ್ನೂ ಹೋಗಿಲ್ಲ. ಜೊತೆಗೆ ಇನ್ನೊಂದು ಕಾಯಿಲೆ ಸೇರಿಕೊಂಡಿದೆ. ಓದಿದ್ದರಿಂದ ಏನಾದರೂ ಲಾಭ ಆಗಬೇಕು. ಹಣ ಉಳಿಸುವುದು ಹೇಗೆ, ಬೆಳಗ್ಗೆ ಬೇಗ ಏಳುವುದು ಹೇಗೆ ಎಂಬ ಪುಸ್ತಕ ಹಿಡಿದವರನ್ನು ನೋಡಿ ಯಾರೂ ನಗುವುದಿಲ್ಲ. ಸುಮ್ನೆ ಖುಷಿಗೆ ಓದುವವರು ಮಾತ್ರ ಕಾರಣ ಕೊಡಬೇಕು! ಹೀಗೇ ಆದರೆ ಓದುವವರು ಉಳಿಯುತ್ತಾರಾ?

ಮುಂದೆ ಮಿಖಾಯೆಲ್ ಎಂಡೆ ಅವರ ‘ಮೋಮೊ’ ಹುಡುಕಿ ಓದಿ. 1973ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದದ್ದು. ಬೂದು ಬಣ್ಣದ ಬಟ್ಟೆ ತೊಟ್ಟವನೊಬ್ಬ ಕ್ಷೌರಿಕನ ಅಂಗಡಿಗೆ ಬಂದು, ಎಷ್ಟು ಸಮಯ ವ್ಯರ್ಥ ಮಾಡುತ್ತಿದ್ದೀಯ ಎಂದು ಲೆಕ್ಕ ಹಾಕಿ ತೋರಿಸುತ್ತಾನೆ. ಕಿವಿ ಕೇಳದ ಮುದಿ ತಾಯಿಯ ಜೊತೆ ಮಾತಾಡುತ್ತಾ ಕೂರುವ ಹೊತ್ತೂ ಅವನ ಲೆಕ್ಕದಲ್ಲಿ ವ್ಯರ್ಥವೇ. ಕ್ಷೌರಿಕ ಅದನ್ನೆಲ್ಲ ಕಡಿತ ಮಾಡುತ್ತಾನೆ. ಉಳಿಸಿದ ಸಮಯ ಮಾತ್ರ ಅವನ ಕೈಗೆ ಬರುವುದಿಲ್ಲ, ಆ ಬೂದು ಜನರ ಪಾಲಾಗುತ್ತದೆ. ಇಷ್ಟು ಖಚಿತವಾಗಿ ದೊಡ್ಡವರ ಬಗ್ಗೆಯೇ ಇರುವ ಈ ಪುಸ್ತಕವನ್ನೂ ಮಕ್ಕಳ ಕಪಾಟಿನಲ್ಲೇ ಇಟ್ಟಿರುತ್ತಾರೆ. ಅಲ್ಲೇ ಕೇಳಿ. ಓದಿದ ಮೇಲೆ ಹೇಗನಿಸಿತು ಎಂದು ಮರೆಯದೆ ಬರೆಯಿರಿ.