ನರ್ಸರಿಯಲ್ಲಿ ಬರೀ ಆಟವೇ ಆದರೆ ಕಲಿಯೋದು ಯಾವಾಗ?

ಮೂರೂವರೆ ವರ್ಷದ ಮಗಳನ್ನು ನರ್ಸರಿಯಲ್ಲಿ ದಿನವಿಡೀ ಆಡಿಸುತ್ತಾರೆ, ಅಕ್ಷರ ತಿದ್ದಿಸುತ್ತಿಲ್ಲ ಎಂದು ಕೇಳಿದ್ದೀರಿ. ದಯವಿಟ್ಟು ಚಿಂತೆ ಬಿಡಿ. ಜೇಡಿಮಣ್ಣು ನಾದುವಾಗ, ಮಣಿ ಪೋಣಿಸುವಾಗ ಬೆರಳಿಗೆ ಬರುವ ಹಿಡಿತವೇ ಮುಂದೆ ಪೆನ್ಸಿಲ್ ಹಿಡಿಯಲು ಬೇಕಾಗುವುದು. ಬ್ಲಾಕಿನ ಗೋಪುರ ಬಿದ್ದಾಗ ದೊಡ್ಡದನ್ನು ಕೆಳಗಿಟ್ಟು ಮತ್ತೆ ಕಟ್ಟುತ್ತಾಳಲ್ಲ, ಅಳತೆ, ತೂಕ, ತಾಳ್ಮೆ ಎಲ್ಲ ಅಲ್ಲೇ ಇದೆ. ಜರ್ಮನಿಯಲ್ಲಿ ಶಿಕ್ಷಣತಜ್ಞ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗೆಂದು ಶಾಲೆ ತೆರೆದಾಗಲೂ ಮರದ ಬ್ಲಾಕುಗಳನ್ನೇ ಕೈಗೆ ಕೊಟ್ಟಿದ್ದು.

ಮನೆಗೆ ಬಂದವಳನ್ನು "ಏನು ಕಲಿತೆ?" ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. "ಯಾರ ಜೊತೆ ಆಡಿದೆ, ಏನು ಕಟ್ಟಿದೆ?" ಅಂತ ಕೇಳಿ ನೋಡಿ, ಮಾತು ಹರಿಯುತ್ತದೆ. ಟೀಚರ್ ಒಪ್ಪಿದರೆ ಒಂದು ದಿನ ತರಗತಿಯ ಮೂಲೆಯಲ್ಲಿ ಕೂತು ಅವಳ ಆಟ ಗಮನಿಸಿ. ಹಾಂ, ರಾತ್ರಿ ಕತೆ ಓದಿ ಹೇಳುವುದನ್ನು ಮಾತ್ರ ತಪ್ಪಿಸಬೇಡಿ.