ಎದುರಿಗೆ ಕೂರಿಸಿ ಹಾಡುವುದು ಯಾಕೆ?

ಓದುಗರ ಪತ್ರ: ಅಮೆರಿಕದ ಕಪ್ಪು ಕಲಾವಿದರ ಪ್ರಶಸ್ತಿ ಸಮಾರಂಭಗಳ ಬಗ್ಗೆ ನಿಮ್ಮ ಕಳೆದ ಸಂಚಿಕೆಯ ಲೇಖನ ಓದಿದೆ. ಎರಡು ಪ್ರಶ್ನೆ ಉಳಿದವು. ಗೌರವ ಪಡೆಯುವವರನ್ನು ಕೂರಿಸಿ, ಬೇರೆಯವರು ಹಾಡಿ ಕುಣಿಯುವುದು ಯಾಕೆ? ನಾಲ್ಕು ಒಳ್ಳೆ ಮಾತಾಡಿ ಪ್ರಶಸ್ತಿ ಕೊಟ್ಟರೆ ಸಾಲದೇ? ಇನ್ನೊಂದು, ಕಪ್ಪು ಜನರಿಗೆಂದೇ ಬೇರೆ ಪ್ರಶಸ್ತಿ ಇಟ್ಟುಕೊಂಡರೆ ಭೇದ ಇನ್ನೂ ಜಾಸ್ತಿ ಆಗುವುದಿಲ್ಲವೇ?
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಚಿಕ್ಕದು.

1940ರ ಫೆಬ್ರವರಿ 29. ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ. ಅಂದು ಹ್ಯಾಟಿ ಮ್ಯಾಕ್‌ಡೇನಿಯಲ್ ಪೋಷಕ ನಟಿ ಪ್ರಶಸ್ತಿ ಗೆದ್ದರು. ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಅವರೇ. ಆದರೆ ಆ ಹೋಟೆಲಿನೊಳಗೆ ಕಪ್ಪು ಜನರಿಗೆ ಪ್ರವೇಶ ಇರಲಿಲ್ಲ. ಸಿನಿಮಾದ ನಿರ್ಮಾಪಕರು ಹೇಳಿಸಿ ಕೇಳಿಸಿ ಅವರನ್ನು ಒಳಗೆ ಬಿಡಿಸಬೇಕಾಯಿತು. ಒಳಗೆ ಹೋದ ಮೇಲೂ ಸಹನಟರ ಜೊತೆ ಜಾಗ ಸಿಗಲಿಲ್ಲ. ಗೋಡೆ ಪಕ್ಕದ ಬೇರೆ ಮೇಜಿನಲ್ಲಿ ಕೂರಿಸಿದರು. 27 ವರ್ಷದ ನಂತರ, 1967ರಲ್ಲಿ, ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಎನ್‌ಎಎಸಿಪಿ ಸಂಘಟನೆ ತನ್ನದೇ ಇಮೇಜ್ ಪ್ರಶಸ್ತಿಗಳನ್ನು ಆರಂಭಿಸಿತು. ಇದೆಲ್ಲ ಹಳೇ ಕಾಲದ ಮಾತು ಅನ್ನಬೇಡಿ. 2015 ಮತ್ತು 2016, ಎರಡೂ ವರ್ಷ ಆಸ್ಕರ್ ನಟನಾ ವಿಭಾಗಗಳ 20ಕ್ಕೆ 20 ನಾಮನಿರ್ದೇಶನಗಳೂ ಬಿಳಿಯರ ಪಾಲಾದವು. ಬೇರೆ ಮೇಜು ಹಾಕಿದವರು ಕಪ್ಪು ಜನರಲ್ಲ. ತಮ್ಮವರನ್ನು ನಡುಮನೆಯಲ್ಲಿ ಕೂರಿಸಲು ಅವರು ತಮ್ಮದೇ ಮನೆ ಕಟ್ಟಿಕೊಂಡರು, ಅಷ್ಟೇ.

ಈಗ ಮೊದಲ ಪ್ರಶ್ನೆ. ನನಗೆ ತುಂಬ ಇಷ್ಟವಾದದ್ದು ಇದೇ.

ಕಪ್ಪು ಪ್ರೇಕ್ಷಕರಿಗೆಂದೇ ಇರುವ ಬಿಇಟಿ ಎಂಬ ಟಿವಿ ವಾಹಿನಿ 2008ರಿಂದ ಕೆಲವು ವರ್ಷ ವಾಷಿಂಗ್ಟನ್ನಿನ ವಾರ್ನರ್ ಥಿಯೇಟರಿನಲ್ಲಿ ‘ಬಿಇಟಿ ಆನರ್ಸ್’ ಎಂಬ ಗೌರವ ಸಮಾರಂಭ ನಡೆಸಿತು. 2010ರ ಜನವರಿಯಲ್ಲಿ ಅಲ್ಲಿ ಗೌರವ ಪಡೆದವರಲ್ಲಿ ಗಾಯಕಿ ವಿಟ್ನಿ ಹ್ಯೂಸ್ಟನ್ ಇದ್ದರು. 1992ರ ‘ದಿ ಬಾಡಿಗಾರ್ಡ್’ ಚಿತ್ರಕ್ಕೆ ಅವರು ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಆದರೆ 2010ರ ಹೊತ್ತಿಗೆ ಅವರ ದನಿ ಮೊದಲಿನಂತೆ ಇರಲಿಲ್ಲ. ಮಾದಕ ವಸ್ತುಗಳ ಚಟದಿಂದ ಹಣ್ಣಾಗಿದ್ದರು. ವರ್ಷಗಟ್ಟಲೆ ಪತ್ರಿಕೆಗಳು ಅವರನ್ನು ಆಡಿಕೊಂಡಿದ್ದವು. ಎಲ್ಲಿ ಹಾಡಿದರೂ ಜನ 1992ರ ದನಿಯ ಜೊತೆ ಹೋಲಿಸಿ ನೋಡುತ್ತಿದ್ದರು.

ಆ ರಾತ್ರಿ ಅದೇ ಹಾಡನ್ನು ಗಾಯಕಿ ಜೆನಿಫರ್ ಹಡ್ಸನ್ ಹಾಡಿದರು. ವಿಟ್ನಿ ಎದುರಿಗೇ ಕೂತಿದ್ದರು. ಜೆನಿಫರ್‌ಗೆ ಅದರ ಹಿಂದಿನ ವರ್ಷ ಸಂಗೀತದ ಗ್ರ್ಯಾಮಿ ಪ್ರಶಸ್ತಿಯನ್ನು ವೇದಿಕೆಯಲ್ಲಿ ಕೊಟ್ಟವರೂ ಇದೇ ವಿಟ್ನಿ. ಹಾಡು ಕೇಳುತ್ತಾ ಅವರ ಕಣ್ಣು ತುಂಬಿ ಬಂತು. ಆ ಹೊತ್ತಿಗೆ ವೇದಿಕೆ ಮೇಲೆ ಯಾರಾದರೂ ‘ನೀವು ಮಹಾನ್ ಗಾಯಕಿ’ ಅಂತ ಭಾಷಣ ಮಾಡಿದ್ದರೆ? ಅಂಥ ಮಾತನ್ನು ಅವರು ಅದೆಷ್ಟು ಸಲ ಕೇಳಿದ್ದರೋ. ತನ್ನ ಕೆಲಸ ಇನ್ನೊಬ್ಬರ ಗಂಟಲಿನಲ್ಲಿ ಗಟ್ಟಿಯಾಗಿ ಉಳಿದಿದೆ ಎಂದು ಕಿವಿಯಾರೆ ಕೇಳುವುದೇ ಬೇರೆ. ಕಲಾವಿದರ ಕೆಲಸ ಏನೂ ಗೊತ್ತಿಲ್ಲದಿದ್ದರೂ ಅವರನ್ನು ಹೊಗಳಬಹುದು, ಅಲ್ವಾ? ಅವರ ಹಾಡನ್ನು ಅವರ ಮುಂದೆ ಹಾಡಬೇಕೆಂದರೆ ಅದನ್ನು ಕಲಿತಿರಲೇಬೇಕು.

ಇದು ಟಿವಿಯವರು ಸುಮ್ನೆ ಹುಟ್ಟಿಸಿದ ಪದ್ಧತಿಯೂ ಅಲ್ಲ. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಕಪ್ಪು ಜನರಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. ನೆನಪು, ನೋವು, ಪ್ರಾರ್ಥನೆ ಎಲ್ಲವೂ ಹಾಡಿನಲ್ಲಿ ಉಳಿದು ಬಂದವು. ಚರ್ಚಿನಲ್ಲಿ ಒಬ್ಬರು ಎತ್ತಿಕೊಟ್ಟರೆ ಇಡೀ ಸಭೆ ದನಿಗೂಡಿಸುತ್ತದೆ. ವಿಟ್ನಿ ಬೆಳೆದದ್ದು ನ್ಯೂವರ್ಕ್‌ನ ನ್ಯೂ ಹೋಪ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ. ಅಲ್ಲಿ ಹಾಡುಗಾರರ ತಂಡ ನಡೆಸುತ್ತಿದ್ದವರು ಅವರ ತಾಯಿ ಸಿಸ್ಸಿ ಹ್ಯೂಸ್ಟನ್. ಜೆನಿಫರ್ ಕೂಡ ಷಿಕಾಗೋದ ಚರ್ಚಿನಲ್ಲೇ ಹಾಡು ಕಲಿತವರು. ಪ್ರಶಸ್ತಿ ಸಭೆಯಲ್ಲಿ ಜನ ಎದ್ದು ನಿಂತು ಕೂಗುವುದು, ಜೊತೆಗೆ ಹಾಡುವುದು ಆ ಚರ್ಚುಗಳಿಂದಲೇ ಬಂದದ್ದು.

ಇನ್ನೊಂದು ಸಂಗತಿ ಲೇಖನದಲ್ಲಿ ಬಂದಿರಲಿಲ್ಲ. ವಿಟ್ನಿ ಜೊತೆ ಅದೇ ರಾತ್ರಿ ಗೌರವ ಪಡೆದವರಲ್ಲಿ ಮೆದುಳಿನ ಶಸ್ತ್ರಚಿಕಿತ್ಸಕ ಕೀತ್ ಬ್ಲ್ಯಾಕ್ ಇದ್ದರು. ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷೆ ರುತ್ ಸಿಮನ್ಸ್ ಇದ್ದರು. ರುತ್ ಹುಟ್ಟಿದ್ದು ಟೆಕ್ಸಾಸ್‌ನ ಗ್ರೇಪ್‌ಲ್ಯಾಂಡಿನಲ್ಲಿ, ಪಾಲಿಗೆ ಹೊಲ ಮಾಡುವ ಮನೆಯ 12ನೇ ಮಗುವಾಗಿ. 2001ರಲ್ಲಿ ಬ್ರೌನ್‌ಗೆ ಬಂದ ಅವರು, ಅಮೆರಿಕದ ಎಂಟು ಹೆಸರಾಂತ ವಿಶ್ವವಿದ್ಯಾಲಯಗಳ ‘ಐವಿ ಲೀಗ್’ ಗುಂಪಿನಲ್ಲೇ ಮೊದಲ ಕಪ್ಪು ಅಧ್ಯಕ್ಷರಾದರು. ಗುಲಾಮರ ವ್ಯಾಪಾರದ ಜೊತೆ ತಮ್ಮದೇ ಸಂಸ್ಥೆಗೆ ಇದ್ದ ನಂಟನ್ನು ಹುಡುಕಿ ತೆಗೆಯಲು 2003ರಲ್ಲಿ ಸಮಿತಿ ನೇಮಿಸಿದರು. ಇಂಥವರನ್ನು ತಾರೆಯರ ಪಕ್ಕದಲ್ಲೇ ಕೂರಿಸಿ ಮನೆಮನೆಯ ಟಿವಿಯಲ್ಲಿ ತೋರಿಸುವುದು ನನಗೆ ದೊಡ್ಡ ಕೆಲಸವಾಗಿ ಕಾಣುತ್ತದೆ.

ನಟಿ ಸಿಸಿಲಿ ಟೈಸನ್ ಅವರಿಗೆ 2015ರ ಕೆನಡಿ ಸೆಂಟರ್ ಆನರ್ಸ್‌ನಲ್ಲಿ ಸಿಕ್ಕ ಗೌರವವನ್ನೂ ನೋಡಿ. ವಾಷಿಂಗ್ಟನ್ನಿನ ಕಲಾಕೇಂದ್ರವೊಂದು ಎಲ್ಲ ಬಗೆಯ ಕಲಾವಿದರಿಗೂ ಕೊಡುವ ಗೌರವ ಅದು, ಕಪ್ಪು ಜನರದೇ ಸಮಾರಂಭವಲ್ಲ. ಆದರೂ ಅಂದು ಹಾಡಿದ ರೀತಿ ಕಪ್ಪು ಚರ್ಚುಗಳದೇ. 2013ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕವೊಂದರಲ್ಲಿ ಟೈಸನ್ ಹಳೆಯ ಚರ್ಚ್ ಹಾಡೊಂದನ್ನು ಹಾಡುತ್ತಿದ್ದರು. ಯಾರೂ ಕರೆಯದೆ ಪ್ರೇಕ್ಷಕರೇ ದನಿಗೂಡಿಸುತ್ತಿದ್ದರು. ಕೆನಡಿ ಸೆಂಟರಿನಲ್ಲಿ ಗಾಯಕಿ ಸೀಸೀ ವೈನನ್ಸ್ ಅದೇ ಹಾಡನ್ನು ಎತ್ತಿಕೊಂಡರು. ಜೊತೆಗೆ ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನಲ್ಲಿರುವ, ಟೈಸನ್ ಅವರದೇ ಹೆಸರಿನ ಕಲಾಶಾಲೆಯ ಮಕ್ಕಳು ಹಾಡಿದರು. ಕಲಾವಿದೆಯೂ ಊರಿಗೆ ಬೇಕಾದವರೂ ಒಬ್ಬರೇ ಆಗಿದ್ದಾಗ ಗೌರವ ಹೀಗಿರಬೇಕು.

ಎಲ್ಲ ಪ್ರದರ್ಶನವೂ ಹೀಗೆ ಇರುತ್ತದೆ ಅನ್ನುತ್ತಿಲ್ಲ. ಟಿವಿಗೆ ಸಮಯದ ಒತ್ತಡ ಇರುತ್ತದೆ. ಜೀವಮಾನದ ಹಾಡುಗಳನ್ನು ತುಂಡು ತುಂಡು ಮಾಡಿ, ಬೆಳಕಿನ ಅಬ್ಬರದಲ್ಲಿ ಮುಗಿಸಿಬಿಡುವುದುಂಟು. ಯಾರು ಹಾಡುತ್ತಾರೆ ಅನ್ನುವುದೂ ಮುಖ್ಯ. 2016ರಲ್ಲಿ ಗಾಯಕ ಪ್ರಿನ್ಸ್ ತೀರಿಕೊಂಡ ಮೇಲೆ ಬಿಇಟಿ ಪ್ರಶಸ್ತಿ ಸಮಾರಂಭದಲ್ಲಿ ಹಲವರು ಅವರಿಗೆ ನಮನ ಸಲ್ಲಿಸಿದರು. ಅವರಲ್ಲಿ ‘ಶೀಲಾ ಇ.’ ಎಂಬ ಕಲಾವಿದೆ, ಪ್ರಿನ್ಸ್ ಜೊತೆ ವರ್ಷಗಟ್ಟಲೆ ಡ್ರಮ್ಸ್ ನುಡಿಸಿದವರು. ಅವರು ವೇದಿಕೆಗೆ ಬಂದಾಗ ಸಭೆಯ ಕಳೆಯೇ ಬದಲಾಯಿತು. ಹತ್ತಿರದಿಂದ ದುಡಿದವರ ಪ್ರದರ್ಶನದಿಂದಲೇ ಸಮಾರಂಭ ಮುಗಿಸಿದ್ದು ಸರಿಯಾಗಿತ್ತು.

ಇವುಗಳ ದೃಶ್ಯಗಳು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತವೆ. ಒಂದೇ ನೋಡಲು ಪುರುಸೊತ್ತಿದ್ದರೆ 2010ರ ಜೆನಿಫರ್ ಹಾಡು ನೋಡಿ. ಆಮೇಲೆ ಆದರೆ 2012ರ ಗ್ರ್ಯಾಮಿಯದೂ ನೋಡಿ. ವಿಟ್ನಿ ಫೆಬ್ರವರಿ 11ರಂದು ತೀರಿಕೊಂಡರು. ಮರುದಿನವೇ ಜೆನಿಫರ್ ಅದೇ ಹಾಡನ್ನು ಮತ್ತೆ ಹಾಡಿದರು. ಎರಡನ್ನೂ ಕೇಳಿದ ಮೇಲೆ, ಬದುಕಿದ್ದಾಗಲೇ ಎದುರಿಗೆ ಕೂರಿಸಿ ಹಾಡಬೇಕೆಂದು ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಎಂದು ನಿಮಗೇ ತಿಳಿಯುತ್ತದೆ. ನಿಮಗೇನು ಅನ್ನಿಸಿತು ಅಂತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.